ಮೊದಲು ದೀಪ ನೋಡು: ಹಳೆಯ ಇಮ್ಮರ್ಸಿವ್ ಸಿಮ್ ಆಟಗಳನ್ನು ಆಡುವ ಬಗೆ

ಹದಿನೇಳನೆಯ ವಯಸ್ಸಿನಲ್ಲಿ ನಾನು ಮೊದಲ ಸಲ ಕಳ್ಳತನಕ್ಕೆ ಹೊರಟು ನಾಲ್ಕೇ ನಿಮಿಷದಲ್ಲಿ ಸತ್ತೆ. ಆಟದ ಹೆಸರು ‘ಥೀಫ್: ದಿ ಡಾರ್ಕ್ ಪ್ರಾಜೆಕ್ಟ್’. ಅದು ಬಂದದ್ದು 1998ರಲ್ಲಿ. ನನಗಿಂತ ಐದು ವರ್ಷ ದೊಡ್ಡದು. ಬ್ಯಾಫರ್ಡ್ ಎಂಬ ಸಿರಿವಂತನ ಮನೆಗೆ ನುಗ್ಗಿ, ರತ್ನ ಕೂರಿಸಿದ ರಾಜದಂಡವೊಂದನ್ನು ಕದ್ದು ತರಬೇಕು. ಅಲ್ಲಿಯವರೆಗೆ ಆಡಿದ್ದ ಆಟಗಳಲ್ಲೆಲ್ಲ ಏನು ಮಾಡುತ್ತಿದ್ದೆನೋ ಅದನ್ನೇ ಮಾಡಿದೆ: ಕತ್ತಿ ಹಿರಿದು ಮುಂಬಾಗಿಲಿಗೆ ಓಡಿದೆ. ಕಾವಲುಗಾರರು ಸದೆಬಡಿದರು. ಎರಡನೆಯ ಸಲ ಒಬ್ಬನನ್ನು ಕೊಂದು ಇನ್ನೊಬ್ಬನ ಕೈಯಲ್ಲಿ ಸತ್ತೆ. ಎಲ್ಲಿಗೆ ಹೋಗಬೇಕೆಂದು ತೋರಿಸುವ ಗುರುತು ಪರದೆಯ ಮೇಲೆ ಇಲ್ಲ. ನಕ್ಷೆ ತೆಗೆದರೆ ಯಾರೋ ಅವಸರದಲ್ಲಿ ಗೀಚಿಕೊಟ್ಟ ಹಾಗಿದೆ, ಅರ್ಧ ಮನೆ ಅದರಲ್ಲಿ ಇಲ್ಲವೇ ಇಲ್ಲ. “ಈ ಆಟ ಕೆಟ್ಟುಹೋಗಿದೆ ಮಾವ” ಎಂದು ದೂರು ಹೇಳಿದೆ. ಆಟ ಕೊಟ್ಟವರು ನನ್ನ ಸೋದರಮಾವನೇ. ಅವರು ನನ್ನ ಬೆನ್ನ ಹಿಂದೆ ಬಂದು ನಿಂತು, ಒಂದು ನಿಮಿಷ ಪರದೆ ನೋಡಿ, “ಮೊದಲು ದೀಪ ನೋಡು” ಎಂದಷ್ಟೇ ಹೇಳಿ ಹೊರಟುಹೋದರು. ಆ ಮೂರು ಪದ ಅರ್ಥವಾಗಲು ನನಗೆ ಒಂದು ವಾರ ಹಿಡಿಯಿತು.

ಈ ಬರಹ ನನ್ನ ವಾರಿಗೆಯವರಿಗೆ. ‘ಡೇಯಸ್ ಎಕ್ಸ್’, ‘ಸಿಸ್ಟಮ್ ಶಾಕ್’ ಎಂಬ ಹೆಸರುಗಳನ್ನು ಹಿರಿಯರ ಬಾಯಲ್ಲಿ ಕೇಳಿ, ಅಗ್ಗಕ್ಕೆ ಸಿಕ್ಕಾಗ ಕೊಂಡು, ಅರ್ಧ ಗಂಟೆ ಆಡಿ, ಮೂಗು ಮುರಿದು ಮುಚ್ಚಿಟ್ಟವರು ನಮ್ಮಲ್ಲಿ ಬಹಳ ಮಂದಿ. ತಪ್ಪು ಅವರದಲ್ಲ, ಆಟದ್ದೂ ಅಲ್ಲ. ಆಟವೊಂದು ನಮ್ಮ ಕೈ ಹಿಡಿದು ನಡೆಸುತ್ತದೆ ಎಂಬ ನಂಬಿಕೆಯಲ್ಲಿ ನಾವು ಬೆಳೆದಿದ್ದೇವೆ. ಇವು ಕೈ ಹಿಡಿಯುವ ಜಾತಿಯವಲ್ಲ.

‘ಇಮ್ಮರ್ಸಿವ್ ಸಿಮ್’ ಎಂಬ ಹೆಸರಿಗೆ ಹೆದರಬೇಕಾಗಿಲ್ಲ. ‘ಡೇಯಸ್ ಎಕ್ಸ್’ನ ನಿರ್ದೇಶಕ ವಾರೆನ್ ಸ್ಪೆಕ್ಟರ್ 2000ದಲ್ಲಿ ತಮ್ಮ ಆಟದ ಬಗ್ಗೆ ಬರೆಯುವಾಗ ಅದನ್ನು ‘ಇಮ್ಮರ್ಸಿವ್ ಸಿಮ್ಯುಲೇಶನ್’ ಎಂದು ಕರೆದರು. ಸಾರ ಇಷ್ಟೇ: ಈ ಆಟಗಳ ಲೋಕದಲ್ಲಿ ಪ್ರತಿ ವಸ್ತುವಿಗೂ ಒಂದು ಗುಣವಿದೆ, ಆ ಗುಣ ಎಲ್ಲೆಡೆಯೂ ಒಂದೇ ಥರ ನಡೆದುಕೊಳ್ಳುತ್ತದೆ. ನೀರು ಬಿದ್ದರೆ ಬೆಂಕಿ ಆರುತ್ತದೆ. ಹಗ್ಗದ ಬಾಣ ಮರಕ್ಕೆ ನಾಟುತ್ತದೆ, ಕಲ್ಲಿಗೆ ಬಡಿದರೆ ಬಿದ್ದುಹೋಗುತ್ತದೆ. ಕಥೆ ಬರೆದವರು ‘ಇದೊಂದು ಕೋಣೆಯಲ್ಲಿ ಮಾತ್ರ ಪಂಜು ಆರಲಿ’ ಎಂದು ಏರ್ಪಾಡು ಮಾಡಿಟ್ಟದ್ದಲ್ಲ. ಆಟದುದ್ದಕ್ಕೂ ಪಂಜು ಎಂದರೆ ಪಂಜೇ. ಹಾಗಾಗಿ ಕೇಳಿಕೊಳ್ಳಬೇಕಾದ ಪ್ರಶ್ನೆ ‘ಇಲ್ಲಿ ನಾನು ಏನು ಮಾಡಬೇಕು’ ಎಂಬುದಲ್ಲ, ‘ಇಲ್ಲಿ ಏನೇನಿದೆ’ ಎಂಬುದು. ನನ್ನ ಮಾವ ದೀಪ ನೋಡು ಎಂದದ್ದು ಈ ಅರ್ಥದಲ್ಲಿ.

ಆಡುವ ಮುನ್ನ

ಹಳೆಯ ಆಟ ಹೊಸ ಕಂಪ್ಯೂಟರಿನಲ್ಲಿ ಸುಮ್ಮನೆ ಓಡುವುದಿಲ್ಲ. ಇದನ್ನು ಬೇಗ ಮುಗಿಸಿಬಿಡುತ್ತೇನೆ. ಆಟವನ್ನು ವಿಂಡೋಸ್‌ನ ‘ಪ್ರೋಗ್ರಾಂ ಫೈಲ್ಸ್’ ಫೋಲ್ಡರಿನೊಳಗೆ ಹಾಕಬೇಡಿ. ಬೇರೆ ಫೋಲ್ಡರ್ ಮಾಡಿ ಅಲ್ಲಿಡಿ, ಇಲ್ಲವಾದರೆ ಸೇವ್ ಮಾಡುವಾಗ ತಕರಾರು ಬರಬಹುದು. ‘ಥೀಫ್’ನ ಮೊದಲ ಭಾಗಕ್ಕೆ ಟಿಫಿಕ್ಸ್, ಎರಡನೆಯದಕ್ಕೆ ಟಿ2ಫಿಕ್ಸ್, ‘ಸಿಸ್ಟಮ್ ಶಾಕ್ 2’ಕ್ಕೆ ಎಸ್‌ಎಸ್2ಟೂಲ್ ಎಂಬ, ದೋಷ ತಿದ್ದುವ ಅಭಿಮಾನಿಗಳ ಪ್ಯಾಚ್‌ಗಳಿವೆ. ಈ ಮೂರರ ಬೆನ್ನೆಲುಬು 2012ರಲ್ಲಿ ಹೊರಬಂದ ‘ನ್ಯೂಡಾರ್ಕ್’. ಅಸಲಿ ಹೆಸರು ಹೇಳಿಕೊಳ್ಳದ ಒಬ್ಬರು ಆಟದ ಎಂಜಿನ್ನನ್ನೇ ದುರಸ್ತಿ ಮಾಡಿ ಬಿಟ್ಟುಕೊಟ್ಟರು. ಆ ಪುಣ್ಯಾತ್ಮರಿಗೆ ನಾನು ಮನಸ್ಸಿನಲ್ಲೇ ಎಷ್ಟು ಸಲ ಕೈಮುಗಿದಿದ್ದೇನೋ. ‘ಡೇಯಸ್ ಎಕ್ಸ್’ ಹೊಸ ಯಂತ್ರಗಳಲ್ಲಿ ಲಂಗುಲಗಾಮಿಲ್ಲದೆ ಓಡುತ್ತದೆ. ಅದಕ್ಕೆ ಅಭಿಮಾನಿಗಳ ಲಾಂಚರ್ (ಆಟ ಶುರುಮಾಡುವ ಸಣ್ಣ ತಂತ್ರಾಂಶ) ಹಾಕಿ ಫ್ರೇಮ್ ರೇಟಿಗೆ, ಅಂದರೆ ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆಗೆ, ಮಿತಿ ಕಟ್ಟಿ.

ಇಷ್ಟಕ್ಕೆ ನಿಲ್ಲಿಸಿ. ಮುಖಗಳನ್ನು ತಿದ್ದುವ, ಗೋಡೆಗಳನ್ನು ಹೊಳೆಯಿಸುವ, ನಿಯಮಗಳನ್ನೇ ಬದಲಿಸುವ ಮಾಡ್‌ಗಳು, ಅಂದರೆ ಆಟಕ್ಕೆ ಅಭಿಮಾನಿಗಳು ಮಾಡಿದ ಮಾರ್ಪಾಡುಗಳು, ರಾಶಿ ರಾಶಿ ಸಿಗುತ್ತವೆ. ಮೂಲ ಆಟವನ್ನೇ ಆಡದೆ ಅವನ್ನು ಹೇರುವುದು ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದಂತೆ. ‘ಡೇಯಸ್ ಎಕ್ಸ್’ಗೆ ಹನ್ನೊಂದು ಮಾಡ್ ಹಾಕಿ, ಯಾವುದು ಯಾವುದರ ಜೊತೆ ಜಗಳವಾಡುತ್ತಿದೆ ಎಂದು ಹುಡುಕುವುದರಲ್ಲಿ ನಾನು ಒಂದು ಇಡೀ ವಾರಾಂತ್ಯ ಕಳೆದಿದ್ದೇನೆ. ಆ ಎರಡು ದಿನಗಳಲ್ಲಿ ಆಟ ಆಡಿದ್ದು ಇಪ್ಪತ್ತು ನಿಮಿಷ.

ಇನ್ನು ಮೂರು ಸಣ್ಣ ಸಿದ್ಧತೆ. ಹೆಡ್‌ಫೋನ್ ಹಾಕಿಕೊಳ್ಳಿ, ‘ಥೀಫ್’ ಆಡುವಾಗ ಮೈಯೆಲ್ಲ ಕಿವಿಯಾಗಬೇಕು. ಕತ್ತಲೆ ಹೆಚ್ಚಾಯಿತೆಂದು ಪರದೆಯ ಬೆಳಕನ್ನು ಏರಿಸಬೇಡಿ, ಕೋಣೆಯ ದೀಪ ಆರಿಸಿ. ಮತ್ತೊಂದು, ಪಕ್ಕದಲ್ಲಿ ಕಾಗದ ಮತ್ತು ಪೆನ್ನು ಇರಲಿ. ಏಕೆಂದು ಮುಂದೆ ಹೇಳುತ್ತೇನೆ.

ಬ್ಯಾಫರ್ಡನ ಮನೆಯಲ್ಲಿ

ಎಲ್ಲಿಂದ ಶುರು ಮಾಡಬೇಕು ಎಂದು ಯಾರೇ ಕೇಳಿದರೂ ನಾನು ‘ಥೀಫ್’ ಎನ್ನುತ್ತೇನೆ. ಬಂದ ವರ್ಷಗಳ ಸಾಲು ಹಿಡಿದು 1992ರ ‘ಅಲ್ಟಿಮಾ ಅಂಡರ್‌ವರ್ಲ್ಡ್’ನಿಂದ ಹೊರಡುವವರಿದ್ದಾರೆ. ಶಿಸ್ತಿಗೆ ಮೆಚ್ಚಬೇಕು, ಆದರೆ ಅವರಲ್ಲಿ ಹೆಚ್ಚಿನವರು ಎರಡನೆಯ ಅಂತಸ್ತಿನಲ್ಲೇ ಬಿಟ್ಟುಬಿಡುತ್ತಾರೆ. ‘ಥೀಫ್’ ಕಲಿಸುವುದು ಎರಡೇ ಸಂಗತಿ, ಬೆಳಕು ಮತ್ತು ಸದ್ದು. ಎರಡೂ ನಮಗೆ ಮೊದಲೇ ಗೊತ್ತಿರುವಂಥವು. ಆರಂಭದ ತರಬೇತಿಯ ಅಧ್ಯಾಯವನ್ನು ಹಾರಿಸಬೇಡಿ. ನಾನು ಹಾರಿಸಿದ್ದೆ, ಫಲ ಮೇಲೆಯೇ ಹೇಳಿದ್ದೇನೆ.

ಪರದೆಯ ಕೆಳಗೆ ನಡುವಿನಲ್ಲಿ ಒಂದು ಹರಳು ಕಾಣುತ್ತದೆ. ನೀವು ಬೆಳಕಿನಲ್ಲಿದ್ದರೆ ಅದು ಹೊಳೆಯುತ್ತದೆ, ಕತ್ತಲಲ್ಲಿದ್ದರೆ ಕಪ್ಪಾಗುತ್ತದೆ. ಹರಳು ಪೂರ್ತಿ ಕಪ್ಪಾಗಿದ್ದಾಗ ನೀವು ಅಲುಗಾಡದೆ ನಿಂತಿದ್ದರೆ ಕಾವಲುಗಾರ ಮೂಗಿನ ಮುಂದೆಯೇ ಹಾದುಹೋಗುತ್ತಾನೆ. ಮೊದಲ ಸಲ ಹೀಗಾದಾಗ ನಾನು ನಿಜವಾಗಿ ಉಸಿರು ಬಿಗಿಹಿಡಿದಿದ್ದೆ, ಆಟಕ್ಕೆ ನನ್ನ ಉಸಿರು ಕೇಳಿಸುತ್ತದೇನೋ ಎಂಬಂತೆ. ಈಗ ಕೋಣೆಯೊಂದರ ಬಾಗಿಲಲ್ಲಿ ನಿಂತಿದ್ದೀರಿ ಎಂದುಕೊಳ್ಳಿ. ಒಳಗೆ ಕಾಲಿಡುವ ಮುನ್ನ ಮೂರು ನೋಟ ಹರಿಸಿ. ಮೊದಲನೆಯದು ದೀಪಗಳಿಗೆ: ಉರಿಯುತ್ತಿರುವುದು ಪಂಜೋ ವಿದ್ಯುತ್ ದೀಪವೋ? ಪಂಜಾದರೆ ನೀರಿನ ಬಾಣ ಬಿಟ್ಟು ಆರಿಸಬಹುದು, ವಿದ್ಯುತ್ ದೀಪಕ್ಕೆ ನೀರಿನ ಬಾಣ ಏನೂ ಮಾಡದು. ಎರಡನೆಯದು ನೆಲಕ್ಕೆ: ರತ್ನಗಂಬಳಿ ಹೆಜ್ಜೆಯ ಸಪ್ಪಳವನ್ನು ನುಂಗುತ್ತದೆ, ಕಲ್ಲುಹಾಸು ಅಷ್ಟಿಷ್ಟು ಹೇಳಿಬಿಡುತ್ತದೆ, ಲೋಹದ ತಟ್ಟೆಯಂತೂ ಊರಿಗೆಲ್ಲ ಡಂಗುರ ಸಾರುತ್ತದೆ. ಪಾಚಿಯ ಬಾಣವಿದ್ದರೆ ಅಂಥ ನೆಲದ ಮೇಲೆ ಮೆತ್ತನೆಯ ಹಾಸು ಹಾಸಬಹುದು. ಮೂರನೆಯ ನೋಟ ಮೇಲಕ್ಕೆ: ಮರದ ತೊಲೆ ಇದೆಯೇ? ಇದ್ದರೆ ಹಗ್ಗದ ಬಾಣ ನಾಟಿಸಿ ಏರಬಹುದು. ಇಷ್ಟು ನೋಡಿದ ಮೇಲೆ ಕಾವಲುಗಾರನನ್ನು ನೋಡಿ. ಅವನು ಕೊನೆಗೆ.

ನಾನು ಮಾಡುತ್ತಿದ್ದುದು ಇದರ ತಲೆಕೆಳಗು. ಕಾವಲುಗಾರನೇ ಮೊದಲು ಕಾಣುತ್ತಿದ್ದ, ಅವನನ್ನು ಹೊಡೆಯುವುದೇ ಕೆಲಸ ಅನ್ನಿಸುತ್ತಿತ್ತು. ಆಟದಲ್ಲಿ ನಾವು ಆಗುವ ಗ್ಯಾರೆಟ್ ಕಳ್ಳನೇ ಹೊರತು ಯೋಧನಲ್ಲ. ಕತ್ತಿವರಸೆಯಲ್ಲಿ ಅವನು ಇಬ್ಬರ ಮುಂದೆ ನಿಲ್ಲಲಾರ. ಬ್ಯಾಫರ್ಡನ ಮನೆಗೂ ಮುಂಬಾಗಿಲು ಇರುವುದು ಕಾವಲುಗಾರರಿಗಾಗಿ. ನಮಗಿರುವುದು ಪಕ್ಕದ ಬಾವಿಮನೆ, ಅದರ ನೀರು, ಅಲ್ಲಿಂದ ನೆಲಮಾಳಿಗೆ. ಇದನ್ನು ಹೇಳಿದ್ದಕ್ಕೆ ಕ್ಷಮೆಯಿರಲಿ. ಇನ್ನು ಮುಂದೆ ಯಾವ ಗುಟ್ಟನ್ನೂ ಒಡೆಯುವುದಿಲ್ಲ.

ಒಂದು ರಾತ್ರಿ ಆ ನೆಲಮಾಳಿಗೆಯಿಂದ ಮೇಲೆ ಬಂದವಳು ಒಂದು ಕಂಬದ ನೆರಳಲ್ಲಿ ನಿಂತು, ಆರು ನಿಮಿಷ ಏನೂ ಮಾಡಲಿಲ್ಲ. ಗಡಿಯಾರ ನೋಡಿಕೊಂಡೇ ಹೇಳುತ್ತಿದ್ದೇನೆ. ಒಬ್ಬ ಕಾವಲುಗಾರ ಬಂದು, ತಿರುಗಿ, ಹೋಗುತ್ತಿದ್ದ. ಅವನ ಬೂಟಿನ ಸದ್ದು ಕಲ್ಲಿನ ಮೇಲೆ ಟಕಟಕ, ಹಾಸಿನ ಮೇಲೆ ಬಂದಾಗ ಇಲ್ಲವೇ ಇಲ್ಲ, ಮತ್ತೆ ಟಕಟಕ. ನಾಲ್ಕನೆಯ ಸುತ್ತಿಗೆ ಕಣ್ಣು ಮುಚ್ಚಿಕೊಂಡೇ ಅವನು ಎಲ್ಲಿದ್ದಾನೆ ಎಂದು ಹೇಳಬಲ್ಲವಳಾಗಿದ್ದೆ. ಐದನೆಯ ಸುತ್ತಿಗೆ ಅವನ ಬೆನ್ನ ಹಿಂದೆಯೇ ನಡೆದು, ಅವನ ಸೊಂಟದ ಕೈಚೀಲ ಎಗರಿಸಿ, ಪಕ್ಕದ ಬಾಗಿಲು ಹೊಕ್ಕೆ. ಎಂಥ ಭಾರೀ ಯುದ್ಧದ ಆಟವೂ ನನ್ನ ಎದೆ ಹಾಗೆ ಬಡಿಯುವಂತೆ ಮಾಡಿಲ್ಲ. ಆಟದಲ್ಲಿ ಆಗ ನಡೆದದ್ದು ಮಾತ್ರ ಏನೂ ಇಲ್ಲ.

ಕಷ್ಟದ ಮಟ್ಟ ಆರಿಸುವಾಗ ಒಂದು ಮಾತು. ಇಲ್ಲಿ ‘ಎಕ್ಸ್‌ಪರ್ಟ್’ ಎಂದರೆ ಶತ್ರುಗಳಿಗೆ ದುಪ್ಪಟ್ಟು ಪ್ರಾಣ ಎಂದಲ್ಲ. ಬದಲಾಗುವುದು ಮುಖ್ಯವಾಗಿ ಗುರಿಗಳು: ಹೆಚ್ಚು ದೋಚಬೇಕು, ಮನುಷ್ಯರನ್ನು ಕೊಲ್ಲಬಾರದು. ಮೊದಲ ಸಲ ನಡುವಿನ ‘ಹಾರ್ಡ್’ ಒಳ್ಳೆಯದು. ಮನೆಯ ಮೂಲೆಮೂಲೆ ನೋಡಲು ಒತ್ತಾಯವೂ ಇರುತ್ತದೆ, ಕೈಜಾರಿದರೆ ಕ್ಷಮೆಯೂ ಇರುತ್ತದೆ. ನಡುವೆ ಶವಗಳು ಎದ್ದು ಓಡಾಡುವ ಅಧ್ಯಾಯಗಳು ಬರುತ್ತವೆ. ಆ ಹೆಣಗಳು ಸಾಮಾನ್ಯ ಬಾಣಕ್ಕೆ ಜಗ್ಗುವುದಿಲ್ಲ; ಬೆಂಕಿ ಬಾಣ ಅಥವಾ ಪವಿತ್ರ ಜಲ ಬೆರೆಸಿದ ನೀರಿನ ಬಾಣ ಬೇಕು, ಇಲ್ಲವೇ ಕಾಲಿಗೆ ಬುದ್ಧಿ ಹೇಳಬೇಕು. ನನಗೆ ಆ ಭಾಗಗಳು ಇಂದಿಗೂ ಹಿಡಿಸಿಲ್ಲ. ಮನೆ, ಬ್ಯಾಂಕು, ಮಾಳಿಗೆ ಎಂದು ನುಸುಳುವುದೇ ಇಷ್ಟ ಎನ್ನುವವರು ಬೇಸರವಾದ ಕೂಡಲೇ 2000ದ ‘ಥೀಫ್ 2: ದಿ ಮೆಟಲ್ ಏಜ್’ಗೆ ದಾಟಿಬಿಡಿ, ಪಾಪವಿಲ್ಲ. ಅದರಲ್ಲಿ ನಗರದ ಮಾಳಿಗೆಯಿಂದ ಮಾಳಿಗೆಗೆ ಸಾಗುವ ‘ಲೈಫ್ ಆಫ್ ದಿ ಪಾರ್ಟಿ’ ಎಂಬ ಅಧ್ಯಾಯವಿದೆ; ಅದನ್ನು ಆಡುವವರೆಗಾದರೂ ನಿಲ್ಲಿಸಬೇಡಿ.

ಲೋಪಗಳನ್ನು ಮುಚ್ಚಿಡುವುದಿಲ್ಲ. ನೀವು ಪಂಜು ಆರಿಸಿದರೆ ‘ಇದು ಈಗ ತಾನೇ ಉರಿಯುತ್ತಿತ್ತಲ್ಲ’ ಎಂದು ಕಾವಲುಗಾರನಿಗೆ ಅನ್ನಿಸುವುದಿಲ್ಲ. ಮುಖಗಳು ಚೌಕಚೌಕ. ಆದರೆ ಆ ಚೌಕ ಮುಖದವರು ತಮ್ಮ ಪಾಡಿಗೆ ತಾವು ಮಾತಾಡಿಕೊಳ್ಳುವುದನ್ನು ಕತ್ತಲಲ್ಲಿ ನಿಂತು ಕೇಳಿದರೆ ಚೌಕ ಮರೆತುಹೋಗುತ್ತದೆ.

ಎಡವಿದ ಮೇಲಿನ ಐದು ನಿಮಿಷ

ನನ್ನ ಇಡೀ ಬರಹದಿಂದ ಒಂದನ್ನೇ ಉಳಿಸಿಕೊಳ್ಳುವುದಾದರೆ ಈ ಭಾಗವನ್ನು ಉಳಿಸಿಕೊಳ್ಳಿ. ಈ ಆಟಗಳಲ್ಲಿ ಎಲ್ಲಿ ಬೇಕಾದರೂ ಸೇವ್ ಮಾಡಬಹುದು, ಒಂದು ಗುಂಡಿ ಒತ್ತಿದರೆ ಹಿಂದಿನ ಸ್ಥಿತಿಗೆ ಮರಳಬಹುದು. ಅದೇ ಕಂಟಕ. ಕಾವಲುಗಾರ “ಯಾರದು?” ಎಂದ ಕ್ಷಣ ನಮ್ಮ ಬೆರಳು ತಾನಾಗಿಯೇ ಆ ಗುಂಡಿಯ ಮೇಲೆ ಹೋಗುತ್ತದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಅವನಿಗೆ ಬರೀ ಅನುಮಾನ, ನಾವಾಗಲೇ ತಪ್ಪೊಪ್ಪಿಕೊಂಡು ಲೋಡ್ ಮಾಡಿರುತ್ತೇವೆ.

ನಾನು ಕಟ್ಟಿಕೊಂಡ ನಿಯಮ ಇದು: ಎಡವಟ್ಟಾದರೆ ಐದು ನಿಮಿಷ ಅದರ ಜೊತೆಯೇ ಇರಬೇಕು. ಸತ್ತರೆ ಮಾತ್ರ ಹಿಂದಕ್ಕೆ. ವಸ್ತುಗಳ ಗುಣ ನೀವು ಎಡವಿದ ಮೇಲೂ ಅದೇ ಆಗಿರುತ್ತದೆಯಲ್ಲ! ನೀರು ಇನ್ನೂ ಬೆಂಕಿ ಆರಿಸುತ್ತದೆ, ಕತ್ತಲು ಇನ್ನೂ ಮರೆಮಾಡುತ್ತದೆ, ಬಾಗಿಲು ಇನ್ನೂ ಮುಚ್ಚಿಕೊಳ್ಳುತ್ತದೆ. ಅಟ್ಟಿಸಿಕೊಂಡು ಬಂದವನು ನೀವು ಮೂರು ಕೋಣೆ ದಾಟಿ ಮೂಲೆ ಹಿಡಿದರೆ ಸ್ವಲ್ಪ ಹೊತ್ತು ಹುಡುಕಿ, ಏನೂ ಇಲ್ಲವೆಂದು ಗೊಣಗಿ ಮರಳುತ್ತಾನೆ. ನನ್ನ ನೆನಪಿನಲ್ಲಿ ಉಳಿದಿರುವ ಆಟದ ಪ್ರಸಂಗಗಳೆಲ್ಲ ಈ ಐದು ನಿಮಿಷಗಳಲ್ಲಿ ಹುಟ್ಟಿದವು. ಅಚ್ಚುಕಟ್ಟಾಗಿ ಮುಗಿಸಿದ ಅಧ್ಯಾಯಗಳಲ್ಲಿ ಒಂದೂ ಸರಿಯಾಗಿ ನೆನಪಿಲ್ಲ.

ದಾರಿ ತೋರಿಸುವ ವಿಡಿಯೊಗಳಿಗೂ ಇದೇ ಮಾತು. ಸಿಕ್ಕಿಹಾಕಿಕೊಂಡರೆ ಎದ್ದು ಹೋಗಿ, ಮರುದಿನ ಬನ್ನಿ. ಆಗಲೂ ಆಗದಿದ್ದರೆ ಮಾತ್ರ ನೋಡಿ, ಅದೂ ಆ ಒಂದು ಬಾಗಿಲಿನಷ್ಟು. ‘ಡೇಯಸ್ ಎಕ್ಸ್’ನ ದೊಡ್ಡ ತಿರುವೊಂದನ್ನು ಇಂಥ ವಿಡಿಯೊದ ಚಿತ್ರದಲ್ಲೇ ನೋಡಿಬಿಟ್ಟ ಸಂಕಟ ನನಗಿನ್ನೂ ಹೋಗಿಲ್ಲ.

ಪ್ರತಿಮೆಯ ದ್ವೀಪ

‘ಡೇಯಸ್ ಎಕ್ಸ್’ ಬಂದದ್ದು 2000ದ ಜೂನ್‌ನಲ್ಲಿ, ಅಯಾನ್ ಸ್ಟಾರ್ಮ್ ಸಂಸ್ಥೆಯ ಆಸ್ಟಿನ್ ಶಾಖೆಯಿಂದ. ‘ಥೀಫ್’ ಮಾಡಿದ ಲುಕಿಂಗ್ ಗ್ಲಾಸ್ ಸಂಸ್ಥೆ ಬಾಗಿಲು ಮುಚ್ಚಿದ್ದು ಅದಕ್ಕೆ ಒಂದು ತಿಂಗಳ ಹಿಂದೆ. ಕಥೆ 2052ರದು. ಜೆಸಿ ಡೆಂಟನ್ ಎಂಬ ಹೊಸ ಏಜೆಂಟ್ ಆಗಿ ನೀವು ನ್ಯೂಯಾರ್ಕಿನ ಲಿಬರ್ಟಿ ದ್ವೀಪದ ದಕ್ಕೆಯಲ್ಲಿ ಇಳಿಯುತ್ತೀರಿ. ಇದು ಬಹಳ ಜನ ಆಟ ಬಿಡುವ ಜಾಗವೂ ಹೌದು: ಗುರಿಯಿಟ್ಟು ಹೊಡೆದರೂ ಗುಂಡು ಎಲ್ಲೋ ಹೋಗುತ್ತದೆ. ಕಾರಣ ಸರಳ. ಇಲ್ಲಿ ಗುರಿ ನಿಮ್ಮ ಕೈಚಳಕದ್ದಲ್ಲ, ಡೆಂಟನ್ನನ ಕಲಿಕೆಯದು. ಓಡುತ್ತಾ ಹೊಡೆಯಬೇಡಿ. ನಿಂತುಕೊಳ್ಳಿ, ಗುರಿಯ ಗೆರೆಗಳು ನಿಧಾನಕ್ಕೆ ಒಟ್ಟುಗೂಡುವುದು ಕಾಣುತ್ತದೆ, ಆಮೇಲೆ ಹೊಡೆಯಿರಿ.

ಆಟ ಶುರುವಾಗುವ ಮುನ್ನ ಹನ್ನೊಂದು ಕೌಶಲಗಳ ಪಟ್ಟಿ ಮುಂದೆ ಬರುತ್ತದೆ, ಹಂಚಲು 5,000 ಅಂಕ. ಇಲ್ಲಿ ಅರ್ಧ ಗಂಟೆ ತಲೆಕೆಡಿಸಿಕೊಳ್ಳಬೇಡಿ. ಈಜಿಗೆ ಒಂದು ಅಂಕವನ್ನೂ ಹಾಕಬೇಡಿ, ಬೀಗ ತೆರೆಯುವುದಕ್ಕೂ ಕಂಪ್ಯೂಟರಿಗೂ ಸ್ವಲ್ಪ ಹಾಕಿ, ಹೊರಡಿ. ಅದಕ್ಕಿಂತ ತಿಳಿದಿರಬೇಕಾದ ಸಂಗತಿ ಬೇರೆ ಇದೆ: ಈ ಆಟ ಕೊಂದದ್ದಕ್ಕೆ ಅಂಕ ಕೊಡುವುದಿಲ್ಲ. ಅಂಕ ಸಿಗುವುದು ಕೆಲಸ ಮುಗಿಸಿದ್ದಕ್ಕೆ ಮತ್ತು ಹೊಸ ಜಾಗ ಹುಡುಕಿದ್ದಕ್ಕೆ. ಹತ್ತು ಜನರನ್ನು ಉರುಳಿಸಿ ಮುಂಬಾಗಿಲಿನಿಂದ ಹೋದವರಿಗಿಂತ ಗಾಳಿಕೊಳವೆಯಲ್ಲಿ ತೆವಳಿ ಹೋದವರೇ ಶ್ರೀಮಂತರಾಗುತ್ತಾರೆ.

ಒಂದು ಬಾಗಿಲನ್ನು ಹತ್ತಿರದಿಂದ ನೋಡೋಣ. ಅದರ ಮುಂದೆ ನಿಂತರೆ ಚೌಕಟ್ಟು ಮೂಡಿ ಅಂಕಿಗಳು ಕಾಣುತ್ತವೆ: ಬೀಗ ಎಷ್ಟು ಗಟ್ಟಿ, ಬಾಗಿಲು ಎಷ್ಟು ಗಟ್ಟಿ. ಇವನ್ನು ಓದದೆ ಮುಂದೆ ಹೋಗಬೇಡಿ, ಆಟ ನಿಮ್ಮೊಡನೆ ಮಾತಾಡುವುದು ಇಲ್ಲೇ. ಬೀಗದ ಅಂಕಿ ಸಣ್ಣದಾಗಿದ್ದರೆ ಒಂದೋ ಎರಡೋ ಬೀಗಕಡ್ಡಿ ಸಾಕು. ಬೀಗ ಗಟ್ಟಿ, ಬಾಗಿಲು ಟೊಳ್ಳು ಎಂದಾದರೆ ಸ್ಫೋಟಕ ಇಡಬಹುದು, ಆದರೆ ಸದ್ದಿಗೆ ಜನ ಬರುತ್ತಾರೆ. ಎರಡೂ ಗಟ್ಟಿಯಾದರೆ ಎಲ್ಲೋ ಯಾರ ಬಳಿಯೋ ಕೀಲಿ ಇದೆ ಎಂದರ್ಥ, ಇಲ್ಲವೇ ಬೇರೆ ದಾರಿಯಿದೆ. ಆ ದ್ವೀಪದ ಸ್ವಾತಂತ್ರ್ಯ ದೇವಿಯ ಪ್ರತಿಮೆಯ ಒಳಹೋಗಲು ನಾನು ಮೂರು ಸಲದ ಆಟದಲ್ಲಿ ಮೂರು ದಾರಿ ಹಿಡಿದಿದ್ದೇನೆ: ದಕ್ಕೆಯಲ್ಲಿ ಕಾಯುವ ಗುಪ್ತ ಮಾಹಿತಿದಾರನನ್ನು ಮಾತಾಡಿಸಿ ಕೀಲಿ ಪಡೆದದ್ದು, ಹಿಂಬದಿಯ ಪೆಟ್ಟಿಗೆಗಳ ಮೇಲೆ ಹತ್ತಿದ್ದು, ಮತ್ತೊಂದು ನನಗೇ ನಾಚಿಕೆಯಾಗುವಷ್ಟು ಗದ್ದಲದ್ದು.

ಸ್ಫೋಟಕದ ಮಾತು ಬಂತಲ್ಲ. ಗೋಡೆಗೆ ಅಂಟಿಸುವ ಲ್ಯಾಮ್ ಎಂಬ ಸಣ್ಣ ಬಾಂಬು ಈ ಆಟದಲ್ಲಿದೆ. ಅಂಟಿದ ಬಾಂಬಿನ ಮೇಲೆ ಕಾಲಿಡಬಹುದು ಎಂದು ಯಾರೋ ಆಟಗಾರರು ಕಂಡುಕೊಂಡರು. ಒಂದು ಅಂಟಿಸಿ, ಹತ್ತಿ, ಇನ್ನೊಂದು ಅಂಟಿಸಿ, ಕೆಳಗಿನದನ್ನು ಕಿತ್ತುಕೊಂಡು, ಹೀಗೆ ಬಾಂಬುಗಳನ್ನೇ ಏಣಿ ಮಾಡಿಕೊಂಡು ಯಾವ ಗೋಡೆಯನ್ನಾದರೂ ಏರಿದರು. ಆಟ ಮಾಡಿದವರು ಇದನ್ನು ಯೋಚಿಸಿರಲೇ ಇಲ್ಲ. ಅಂಟುವ ಗುಣ, ಗಟ್ಟಿಯಾಗಿರುವ ಗುಣ, ಎರಡೂ ಅಲ್ಲಿದ್ದವು, ಏಣಿ ತಾನಾಗಿ ಹುಟ್ಟಿತು. ನಾನಾಗಿ ಇಂಥದ್ದನ್ನು ಕಂಡುಹಿಡಿದಿಲ್ಲ ಎಂಬ ಹೊಟ್ಟೆಕಿಚ್ಚು ನನಗಿದೆ.

ಮೊದಲ ಕೆಲಸ ಮುಗಿದ ಮೇಲೆ ಕಚೇರಿಗೆ ಮರಳುತ್ತೀರಿ. ಅಲ್ಲಿ ಎಲ್ಲರನ್ನೂ ಮಾತಾಡಿಸಿ. ನೀವು ದ್ವೀಪದಲ್ಲಿ ಹೇಗೆ ನಡೆದುಕೊಂಡಿರಿ ಎಂಬುದು ನಿಮಗಿಂತ ಮೊದಲೇ ಅಲ್ಲಿಗೆ ತಲುಪಿರುತ್ತದೆ. ಕುತೂಹಲಕ್ಕೆಂದು ಮಹಿಳೆಯರ ಶೌಚಾಲಯಕ್ಕೆ ನುಗ್ಗಿದರೆ ಮೇಲಧಿಕಾರಿ ಅದನ್ನೂ ಎತ್ತಿ ಆಡುತ್ತಾನೆ. ನಾನು ಹುಡುಗಿ, ಅಭ್ಯಾಸಬಲದಿಂದ ಹೋಗಿದ್ದೆ. ಬೈಸಿಕೊಂಡ ಮೇಲೆ ನೆನಪಾಯಿತು, ನಾನಿಲ್ಲಿ ಡೆಂಟನ್ ಎಂದು.

ಕಾಗದ ಮತ್ತು ಪೆನ್ನು

‘ಸಿಸ್ಟಮ್ ಶಾಕ್’ 1994ರದು. ಮೂಲ ಆಟದ ಕೀಬೋರ್ಡ್ ಕೀಲಿಗಳು ಇಂದಿನ ಕೈಗೆ ಒಗ್ಗುವುದಿಲ್ಲ. ಮೌಸ್‌ನಿಂದ ಸುತ್ತ ನೋಡಲು ಬರುವ 2015ರ ಪರಿಷ್ಕೃತ ಆವೃತ್ತಿಯನ್ನಾಗಲಿ, 2023ರ ಮರುನಿರ್ಮಾಣವನ್ನಾಗಲಿ ಆಡಿ. ಶೋಡಾನ್ ಎಂಬ ಕೃತಕ ಬುದ್ಧಿ ಹುಚ್ಚೆದ್ದು ಹಿಡಿದಿಟ್ಟಿರುವ ಬಾಹ್ಯಾಕಾಶ ನಿಲ್ದಾಣದಲ್ಲಿ ನೀವು ಒಬ್ಬರೇ. ಕೆಲಸಗಳ ಪಟ್ಟಿ ಮೂಲ ಆಟದಲ್ಲಿ ಇಲ್ಲ. ಸತ್ತವರು ಬಿಟ್ಟುಹೋದ ಧ್ವನಿಮುದ್ರಿಕೆಗಳನ್ನು ಕೇಳಿ, ಯಾರು ಎಲ್ಲಿ ಏನು ಮಾಡಲು ಹೊರಟಿದ್ದರು ಎಂದು ನೀವೇ ಕಟ್ಟಿಕೊಳ್ಳಬೇಕು. ಕಾಗದ ಬೇಕು ಎಂದದ್ದು ಇದಕ್ಕೆ. ಅಂತಸ್ತುಗಳ ಕಂಪ್ಯೂಟರ್ ಕೋಣೆಗಳನ್ನು ಹಾಳುಗೆಡವಿದಾಗ ಪರದೆಯ ಮೇಲೆ ಒಂದೊಂದು ಅಂಕಿ ಕಾಣಿಸುತ್ತದೆ. ಅಲಂಕಾರವೆಂದು ನಾನು ಬಿಟ್ಟೆ. ಗಂಟೆಗಟ್ಟಲೆ ಆದ ಮೇಲೆ ಆ ಅಂಕಿಗಳನ್ನು ಸಾಲಾಗಿ ಒತ್ತಬೇಕಾಗಿ ಬಂತು, ಎಲ್ಲ ಅಂತಸ್ತುಗಳಿಗೂ ಮತ್ತೆ ತಿರುಗಿದೆ.

ಹೊಸ ಅಂತಸ್ತಿಗೆ ಕಾಲಿಟ್ಟಾಗ ಮೊದಲ ಕೆಲಸ, ಮನುಷ್ಯರನ್ನು ಸೈಬೋರ್ಗ್ (ಅರ್ಧ ಮನುಷ್ಯ, ಅರ್ಧ ಯಂತ್ರ) ಮಾಡುವ ಕೋಣೆ ಅಲ್ಲಿದ್ದರೆ ಹುಡುಕಿ ಅದರ ಸ್ವಿಚ್ ಬದಲಿಸುವುದು. ಬದಲಿಸಿದ್ದರೆ ಸತ್ತಾಗ ಅಲ್ಲಿ ಬದುಕಿ ಏಳುತ್ತೀರಿ. ಇಲ್ಲವಾದರೆ ಶೋಡಾನಿನ ಸೇವಕರಾಗಿ ಏಳುತ್ತೀರಿ, ಆಟ ಮುಗಿಯಿತು. ಮರುನಿರ್ಮಾಣದಲ್ಲಿಯೂ ಕಷ್ಟವನ್ನು ಹೋರಾಟ, ಕಥೆ, ಒಗಟು, ಸೈಬರ್ ಲೋಕ ಎಂದು ನಾಲ್ಕಾಗಿ ಬೇರೆಬೇರೆ ಆರಿಸಬಹುದು. ಇಷ್ಟು ಹಳೆಯ ಆಟಕ್ಕೆ ಹೊಳೆದದ್ದು ಇಂದಿನವಕ್ಕೆ ಏಕೆ ಹೊಳೆಯುವುದಿಲ್ಲವೋ. ಮೊದಲ ಬಾಗಿಲಿನ ಸಂಕೇತ 451. ಇದನ್ನು ಹೇಳುವುದರಲ್ಲಿ ಗುಟ್ಟೇನೂ ಒಡೆಯುವುದಿಲ್ಲ. ‘ಡೇಯಸ್ ಎಕ್ಸ್’ನಲ್ಲಿ 0451, ‘ಬಯೋಶಾಕ್’ನಲ್ಲಿ 0451, 2017ರ ‘ಪ್ರೇ’ಯಲ್ಲೂ ಅದೇ. ಈ ಮನೆತನದ ಆಟಗಳು ಪರಸ್ಪರ ಕಣ್ಣು ಮಿಟುಕಿಸುವ ಬಗೆ ಅದು.

1999ರ ‘ಸಿಸ್ಟಮ್ ಶಾಕ್ 2’ ನನ್ನನ್ನು ಎರಡು ಸಲ ಓಡಿಸಿದೆ. ಕೊಲ್ಲಲು ಬರುತ್ತಲೇ “ಓಡಿಹೋಗು” ಎಂದು ಬೇಡಿಕೊಳ್ಳುವ ಶತ್ರುಗಳಿರುವ ಆಟವನ್ನು ರಾತ್ರಿ ಒಬ್ಬಳೇ ಕೂತು ಆಡಲು ಗಟ್ಟಿ ಎದೆ ಬೇಕು. ಇಲ್ಲಿ ಬಂದೂಕು ಸವೆಯುತ್ತದೆ, ಕೆಡುತ್ತದೆ, ಗುಂಡು ಸಾಲುವುದಿಲ್ಲ. ಮೊದಲ ಸಲ ನೇವಿ ಶಾಖೆ ಆರಿಸಿ, ಹ್ಯಾಕಿಂಗ್ ಬೆಳೆಸಿಕೊಳ್ಳಿ, ಸುಲಭದ ಮಟ್ಟ ಹಿಡಿಯಿರಿ, ಒಬ್ಬಂಟಿ ಶತ್ರುವಿಗೆ ಕೈಯಲ್ಲಿರುವ ಸ್ಪ್ಯಾನರ್ ಸಾಕು. ಸುಲಭ ಆರಿಸಿದ್ದಕ್ಕೆ ನಾಚಿಕೊಳ್ಳಬೇಡಿ.

ಇಷ್ಟು ಓದಿಯೂ ಚೌಕ ಮುಖಗಳನ್ನು ಸಹಿಸಲಾಗದು ಎನ್ನುವವರಿಗೆ ‘ಪ್ರೇ’ ಇದೆ. ಅರ್ಕೇನ್ ಸಂಸ್ಥೆಯ ಆಸ್ಟಿನ್ ತಂಡ ಮಾಡಿದ್ದು. ಹಳೆಯವರ ರಕ್ತ, ಹೊಸ ಬಟ್ಟೆ. ಅದರಲ್ಲಿ ಸ್ಪಂಜಿನ ಬಾಣ ಬಿಡುವ ಒಂದು ಆಟಿಕೆ ಬಿಲ್ಲು ಸಿಗುತ್ತದೆ. ಯಾರಿಗೂ ಗಾಯ ಮಾಡದ ಇದು ಏಕೆ ಎಂದು ಎಸೆದಿದ್ದೆ. ಆಮೇಲೆ ಬೀಗ ಹಾಕಿದ ಕೋಣೆಯೊಂದರ ಕಿಂಡಿಯಲ್ಲಿ ಒಳಗಿನ ಕಂಪ್ಯೂಟರ್ ಕಾಣಿಸಿತು. ಅದರ ಪರದೆ ಬೆರಳಿನಿಂದ ಒತ್ತುವಂಥದ್ದು. ಸ್ಪಂಜಿನ ಬಾಣವೂ ಒತ್ತುತ್ತದೆ. ಎಸೆದ ಆಟಿಕೆಯನ್ನು ಹುಡುಕಿಕೊಂಡು ಎರಡು ಅಂತಸ್ತು ಹಿಂದಕ್ಕೆ ಓಡಿದೆ.

ಕೊನೆಗೆ ‘ಅಲ್ಟಿಮಾ ಅಂಡರ್‌ವರ್ಲ್ಡ್’ಗೆ ಬನ್ನಿ, ಈಗ ನೀವು ಸಿದ್ಧ. ಎಂಟು ಅಂತಸ್ತಿನ ಪಾತಾಳ. ಹಳೆಯ ಡಾಸ್ ಆಟಗಳನ್ನು ಓಡಿಸುವ ಡಾಸ್‌ಬಾಕ್ಸ್‌ ತಂತ್ರಾಂಶದಲ್ಲಿ ಓಡುತ್ತದೆ, ನಡೆಯಲು ಕಲಿಯುವುದಕ್ಕೇ ಒಂದು ಸಂಜೆ ಬೇಕು. ಗಾಬ್ಲಿನ್ ಎಂಬ ಕುಳ್ಳ ರಕ್ಕಸರನ್ನು ಕಂಡ ಕೂಡಲೇ ಕತ್ತಿ ಎತ್ತಬೇಡಿ, ಮಾತಾಡಿಸಿ. ಮೊದಲ ಅಂತಸ್ತಿನಲ್ಲೇ ಪರಸ್ಪರ ಆಗದ ಎರಡು ಬಣಗಳಿವೆ. ಬೆಳ್ಳಿಯ ಬೀಜ ಸಿಕ್ಕರೆ ಮಣ್ಣಿರುವಲ್ಲಿ ನೆಡಿ, ಸತ್ತರೆ ಆ ಗಿಡದ ಬಳಿ ಏಳುತ್ತೀರಿ. ಜೋಳದ ತೆನೆಯನ್ನು ಉರಿಯುವ ಪಂಜಿಗೆ ಹಿಡಿದರೆ ಏನಾಗುತ್ತದೆ ಎಂದು ನಾನು ಹೇಳುವುದಿಲ್ಲ, ನೀವೇ ಹಿಡಿದು ನೋಡಿ. 1992ರಲ್ಲಿ ಯಾರೋ ಕೂತು ಇದನ್ನೂ ಬರೆದಿದ್ದಾರೆ ಎಂಬುದು ನನಗೆ ಈಗಲೂ ಸೋಜಿಗ.

ಆ ಆಟದ ನಕ್ಷೆ ನೀವು ನಡೆದಂತೆ ತಾನಾಗಿ ಮೂಡುತ್ತದೆ, ಅದರ ಮೇಲೆ ನೀವೇ ಟಿಪ್ಪಣಿ ಬರೆಯಬಹುದು. ಬರೆಯಿರಿ. ಯಾರು ಎಲ್ಲಿದ್ದಾರೆ, ಯಾರಿಗೆ ಏನು ಕೊಡುತ್ತೇನೆಂದು ಮಾತು ಕೊಟ್ಟಿದ್ದೀರಿ, ಯಾವ ಸೇತುವೆ ದಾಟಬಾರದು. ನನ್ನ ನಕ್ಷೆಯ ಐದನೆಯ ಅಂತಸ್ತಿನ ಮೂಲೆಯಲ್ಲಿ ‘ಈ ಬಾಗಿಲು ಬೇಡ’ ಎಂದು ಬರೆದಿದೆ. ಪರೀಕ್ಷೆಗಳ ನಡುವೆ ನಾಲ್ಕು ತಿಂಗಳು ಆಟ ಮುಟ್ಟಿರಲಿಲ್ಲ. ಹಾಗೇಕೆ ಬರೆದೆ ಎಂಬುದು ಮರೆತೇಹೋಗಿದೆ. ಪಂಜು ಮೂರಿವೆ, ರೊಟ್ಟಿ ಎರಡಿದೆ. ಇವತ್ತು ರಾತ್ರಿ ತೆರೆಯುತ್ತೇನೆ.